ಹವಳದ ಬಾಂದು

ಬೆಳಕವಾಡಿಯ ಚಿಕ್ಕಬೋರಮ್ಮನ ಬಾಯಿಗೆ ಸಿಕ್ಕಿ ಬಚಾವಾದವರು ಆ ಊರಲ್ಲಿ ಯಾರೂ ಇಲ್ಲ. ಆ ಬಾಯಿ ಒಂದಿಷ್ಟೂ ಸವೆಯದೆ ಮೊಮ್ಮಗಳು ಪ್ರಿಯಾಂಕಳಿಗೆ ಇಳಿದು ಬಂತು. ನಡುವೆ ಇರೋ ನಿಂಗಯ್ಯ, ಅಂದರೆ ಅಜ್ಜಿಯ ಮಗ, ಪ್ರಿಯಾಂಕಳ ಅಪ್ಪ, ಪಾಪ ಮೂಕಬಸವ. ಅಂಥಾ ಹುಡುಗಿ ಹೋಗಿ ಸೇರಿಕೊಂಡ ಕೆಲಸ ನೋಡಿ: ಲಕ್ಷದ್ವೀಪದಲ್ಲಿ ಕಡಲಿನಡಿ ಮುಳುಗಿ, ಹವಳ ಎಷ್ಟು ಬದುಕಿದೆ, ಮೀನು ಎಷ್ಟು ಉಳಿದಿವೆ ಅಂತ ಲೆಕ್ಕ ಹಾಕೋದು. ನೀರಿನಡಿ ಮಾತಾಡೋಕಾಗಲ್ಲ ಅನ್ನೋದು ಬಿಟ್ಟರೆ ಅವಳಿಗೆ ಆ ಕೆಲಸದಲ್ಲಿ ಯಾವ ಕಷ್ಟವೂ ಕಾಣಲಿಲ್ಲ.

ಈಜು ಕಲಿಸಿದ್ದು ಅಜ್ಜಿಯೇ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನಾಲೆಗೆ ತಳ್ಳಿದಳು. ಸೊಸೆ ಲಬೋ ಲಬೋ ಅಂತ ಬಾಯಿ ಬಡಕೊಂಡರೆ, ನೀರು ಕುಡೀದೆ ಈಜು ಬತ್ತದಾ ಅಂತ ಅವಳನ್ನೇ ಗದರಿಸಿದಳಂತೆ. ಅಲ್ಲಿಂದ ಮುಂದೆ ಪ್ರಿಯಾಂಕ ಮಂಡ್ಯದಲ್ಲಿ ಬಿಎಸ್ಸಿ, ಮಂಗಳೂರಲ್ಲಿ ಎಂಎಸ್ಸಿ, ಆಮೇಲೆ ಸೀದಾ ದ್ವೀಪ.

ಅಜ್ಜಿಯ ಇನ್ನೊಂದು ಕಥೆ ಇಲ್ಲಿ ಹೇಳಲೇಬೇಕು. ಪಕ್ಕದ ಹೊಲದ ನಾಗಯ್ಯ ಉಳುವಾಗೆಲ್ಲ ಗಡಿಯ ಬಾಂದು ಕಲ್ಲನ್ನ ಒಂದೊಂದು ಗೇಣು ಇತ್ತ ಸರಿಸುತ್ತಿದ್ದ. ಅಜ್ಜಿ ಜಗಳಕ್ಕೆ ಹೋಗಲಿಲ್ಲ. ಊರ ಹಿರಿಯರನ್ನ ಕರೆದು ನಿಲ್ಲಿಸಿ, ಹುಣಸೆಮರಕ್ಕೂ ಬಾವಿಯ ಮೂಲೆಗೂ ಕಣ್ಣಳತೆ ಹಿಡಿದು, ಒಂದು ಕಡೆ ಗುದ್ದಲಿ ಹಾಕಿದಳು. ಮೊಣಕೈಯಾಳದಲ್ಲಿ ಇದ್ದಿಲು, ಮಡಕೆ ಚೂರು ಬಂತು. ಹಳೇ ಕಾಲದವರು ಬಾಂದು ನೆಡುವಾಗ ಕಲ್ಲಿನಡಿ ಅವೆರಡನ್ನೂ ಹೂಳುತ್ತಿದ್ದರು, ಯಾಕೆಂದರೆ ಎರಡೂ ಕೊಳೆಯೋದಿಲ್ಲ. "ಕಲ್ಲು ಕಿತ್ತಾಕ್ಬೋದು ಕಣ್ಲಾ ನಾಗ, ಇದ್ಲು ಏನ್ ಮಾಡೀಯೆ?" ಅಂದಳು ಅಜ್ಜಿ. ನಾಗಯ್ಯನ ಮುಖ ಇಂಗು ತಿಂದ ಮಂಗನಂತಾಯ್ತು. ಲಂಗ ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದ ಪ್ರಿಯಾಂಕ ಅದನ್ನ ಮರೆಯಲಿಲ್ಲ.

ಕಡಲಿನಡಿಯೂ ಗಡಿಯದೇ ಕೆಲಸ. ಹವಳದ ದಿಬ್ಬದ ಮೇಲೆ ಕಬ್ಬಿಣದ ಗೂಟ ನೆಡಬೇಕು. ಪ್ರತಿ ವರ್ಷ ಅದೇ ಗೂಟದಿಂದ ಟೇಪು ಹಾಸಿ, ಟೇಪಿನುದ್ದಕ್ಕೂ ಚೌಕಟ್ಟು ಇಟ್ಟು ಫೋಟೋ ತೆಗೆಯಬೇಕು, ಆಮೇಲೆ ಎರಡೂ ಪಕ್ಕದ ಮೀನು ಎಣಿಸಬೇಕು. ಜಾಗ ತುಸು ಅತ್ತಿತ್ತ ಆದರೂ ಹೋದ ವರ್ಷದ ಲೆಕ್ಕಕ್ಕೂ ಈ ವರ್ಷದ ಲೆಕ್ಕಕ್ಕೂ ತಾಳೆಯಾಗೋದಿಲ್ಲ. ಜಿಪಿಎಸ್ಸು ದೋಣಿಯನ್ನ ಹತ್ತಿರಕ್ಕೆ ತಂದು ನಿಲ್ಲಿಸುತ್ತೆ ಅಷ್ಟೇ, ನೀರಿನೊಳಗೆ ಅದರ ಆಟ ನಡೆಯಲ್ಲ.

ಪ್ರಿಯಾಂಕ ತನ್ನ ಮೊದಲ ಗೂಟ ನೆಟ್ಟ ದಿನ ಮಾಡಿದ್ದೇನು ಗೊತ್ತಾ? ದ್ವೀಪದ ಅಡುಗೆಮನೆಯ ಒಲೆಯಿಂದ ಇದ್ದಿಲು ತಂದು ಗೂಟದ ಬುಡಕ್ಕೆ ತುರುಕಿದಳು. ಕೈ ಬಿಟ್ಟಳೋ ಇಲ್ಲವೋ, ಅದು ಬುಳುಬುಳು ಮೇಲೆದ್ದು, ತಂಡದ ಮುಖ್ಯಸ್ಥ ಸಿದ್ದೇಶ್ ಅವರ ಮೂಗಿನ ಮುಂದೆಯೇ ಹಾದು, ನೀರ ಮೇಲೆ ತೇಲಿತು. ಅಲ್ಲಾ, ಎಂಎಸ್ಸಿ ಓದಿದವಳಿಗೆ ಇದ್ದಿಲು ತೇಲುತ್ತೆ ಅಂತ ಗೊತ್ತಿರಬಾರದಾ? ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ದೋಣಿಗೆ ಹತ್ತಿದ ಮೇಲೆ ಸಿದ್ದೇಶ್ ಮಂಗಳಾರತಿ ಎತ್ತಿದರು, ಕಡಲೇನು ನಿಮ್ಮೂರ ತಿಪ್ಪೆಯಾ ಅಂತ. ಇವಳು ಬಿಡಬೇಕಲ್ಲ, ಬಾಂದಿನ ಕಥೆ ಪೂರ್ತಿ ಹೇಳಿ ಮುಗಿಸಿದಳು. ಕೇಳಿ ಕೇಳಿ ಸಾಕಾಗಿ, ಸುಟ್ಟ ಮಣ್ಣಿನಿಂದ ಏನೂ ಕೆಡಲ್ಲ, ಒಂದು ಹೆಂಚಿನ ಚೂರು ಇಟ್ಟು ಸುಮ್ಮನಿರು ಅಂದರು. ಮಾರನೇ ದಿನವೇ ಗೂಟದ ಬುಡದ ಬಿರುಕಿನಲ್ಲಿ ಅಂಗೈಯಗಲದ ಹೆಂಚು ಸಿಕ್ಕಿಸಿ ಬಂದಳು.

ಆ ಬೇಸಿಗೆ ಕಡಲು ಕಾದು ಹೋಯ್ತು. ಬಣ್ಣಬಣ್ಣದ ಹವಳವೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಗಿ, ಆಮೇಲೆ ಪಾಚಿ ಹಿಡಿದು ಸತ್ತಿತು. ಮೀನುಗಳು ಗುಳೆ ಹೋದವು. ಆ ವರ್ಷದ ಲೆಕ್ಕ ಹಿಡಿಯುವಾಗ ಪ್ರಿಯಾಂಕ ಮುಳುಗುವಾಗ ಹಾಕುವ ಮುಖವಾಡದೊಳಗೇ ಅತ್ತಳು. ಅದಾದ ಮೇಲೆ ಬಂದ ಮಳೆಗಾಲದ ಬಿರುಗಾಳಿ ಗೂಟವನ್ನೂ ಕಿತ್ತುಕೊಂಡು ಹೋಯ್ತು.

ಈ ವರ್ಷ ಹುಡುಕೋಕೆ ಹೋದರೆ ಎಲ್ಲಿ ನೋಡಿದರೂ ಮುರಿದ ಹವಳದ ರಾಶಿ. ಎರಡು ಸಲ ಮುಳುಗಿದರೂ ಸಿಗಲಿಲ್ಲ. ಇವತ್ತು ಸಿಗದಿದ್ದರೆ ಈ ದಿಬ್ಬವನ್ನ ಕೈಬಿಡೋಣ ಅಂದರು ಸಿದ್ದೇಶ್. ಕೈಬಿಟ್ಟರೆ ಮುಗೀತು, ಸತ್ತ ದಿಬ್ಬ ಅಂತ ಬರೆದಿದ್ದು ಹಾಗೇ ಉಳಿಯುತ್ತೆ, ಮತ್ತೆ ಚಿಗುರಿತೋ ಇಲ್ಲವೋ ಅಂತ ನೋಡೋಕೆ ಯಾರೂ ಬರೋದಿಲ್ಲ. ಪ್ರಿಯಾಂಕ ಖಾಲಿ ಸಿಲಿಂಡರು ಬಿಚ್ಚಿಟ್ಟು ಇನ್ನೊಂದು ಕೇಳಿದಳು. ಸಿಲಿಂಡರಿಗೆ ಗಾಳಿ ತುಂಬುವ ಯಾಸೀನ್, ಮದ್ದೂರಿನ ಮೆಕ್ಯಾನಿಕ್, ಇನ್ನೊಂದು ಸಲಕ್ಕಾಗುವಷ್ಟು ಗಾಳಿ ಇದೆ ಕಣಕ್ಕ, ಓಗ್ಬಾ ಅಂದ.

ಈ ಸಲ ಅವಳು ಗೂಟ ಹುಡುಕಲಿಲ್ಲ. ಅಜ್ಜಿ ಹುಣಸೆಮರ, ಬಾವಿ ನೋಡಿದಂತೆ ಇವಳು ಗೂಟ ನೆಟ್ಟ ದಿನ ಗುರುತಿಟ್ಟುಕೊಂಡಿದ್ದ, ಬಿರುಗಾಳಿಗೂ ಜಗ್ಗದ ಎರಡು ಬಂಡೆ ನೋಡಿದಳು. ಒಂದು ರಾಗಿಮುದ್ದೆಯಂಥದ್ದು, ಇನ್ನೊಂದು ಒಡೆದು ಎರಡಾಗಿದ್ದು. ಅವೆರಡರ ಗೆರೆ ಹಿಡಿದು ರಾಶಿ ಸರಿಸಿದಳು. ಬರೀ ಮರಳು. ಮೇಲೆ ಹೋಗಿ ಏನಂತ ಹೇಳಲಿ ಅಂತ ಒಂದು ಗಳಿಗೆ ಕೂತೇಬಿಟ್ಟಳು. ಆಗ ನೆನಪಾಯ್ತು, ಗೂಟ ನೆಟ್ಟಿದ್ದು ಒಡೆದ ಬಂಡೆಯ ಈ ಮಗ್ಗುಲಿಗಲ್ಲ, ಆ ಮಗ್ಗುಲಿಗೆ. ಅತ್ತ ಈಜಿ ಕೈ ಹಾಕಿದಳು. ಬಿರುಕಿನೊಳಗೆ ಕೆಂಪಗೆ ಒಂದು ಅಂಚು ಕಂಡಿತು.

ಹೆಂಚೇ! ಮೆಲ್ಲಗೆ ಎತ್ತಿ ಮಗುಚಿದಳು. ಅಡಿಮೈಗೆ ಅಂಗಿಗುಂಡಿಯಷ್ಟಗಲದ ಹವಳದ ಮರಿಗಳು, ಒಂದು ಕಂದು, ಎರಡು ನಸುಗುಲಾಬಿ, ಜೀವಂತ, ಕಚ್ಚಿಕೊಂಡು ಕೂತಿದ್ದವು. ಪ್ರಿಯಾಂಕ ನೀರಿನಡಿಯಲ್ಲೇ ಕೂಗಿಬಿಟ್ಟಳು. ಮಾತಾಗಿ ಬರಲಿಲ್ಲ, ಗುಳ್ಳೆಯಾಗಿ ಮೇಲೆ ಹೋಯ್ತು. ಒಮ್ಮೆಲೇ ಎದ್ದ ಗುಳ್ಳೆಯ ರಾಶಿ ನೋಡಿ ಸಿದ್ದೇಶ್ ಗಾಬರಿಯಿಂದ ಕೆಳಗಿಳಿದರು. ಹೆಂಚು ನೋಡಿದ ಮೇಲೆ ಅವರೂ ಕುಣಿಯೋದೊಂದು ಬಾಕಿ. ಮೇಲಕ್ಕೆ ತಾ, ಭೂತಗನ್ನಡಿಯಲ್ಲಿ ನೋಡೋಣ ಅಂತ ಕೈಸನ್ನೆ ಮಾಡಿದರು. ಇವಳು ಬೇಡ ಅಂತ ತಲೆಯಾಡಿಸಿದಳು. ಫೋಟೋ ತೆಗೆದು, ಹೆಂಚನ್ನ ಇದ್ದಂತೆಯೇ ಬಿರುಕಿಗೆ ಸಿಕ್ಕಿಸಿ, ಪಕ್ಕದಲ್ಲೇ ಹೊಸ ಗೂಟ ಹೊಡೆದಳು. ಟೇಪು ಹಾಸಿದರು. ಚೌಕಟ್ಟಿನಲ್ಲಿ ಅಲ್ಲೊಂದು ಇಲ್ಲೊಂದು ಚಿಗುರು ಕಂಡಿತು. ಎರಡು ಚಿಟ್ಟೆಮೀನು ಜೋಡಿಯಾಗಿ ಟೇಪು ದಾಟಿದವು.

ದೋಣಿಯಲ್ಲಿ, ಹೆಂಚು ಯಾಕೆ ತರಲಿಲ್ಲ ಅಂತ ಸಿದ್ದೇಶ್ ಕೇಳಿದರು. ಬಾಂದು ಎತ್ತಿಕೊಂಡು ಬಂದರೆ ನಮ್ಮಜ್ಜಿ ಮನೆಗೆ ಸೇರಿಸಲ್ಲ ಸಾರ್ ಅಂದಳು. ಅವರು ನಕ್ಕು, ಉಳಿದ ಗೂಟಗಳಿಗೂ ಹೆಂಚು ಬೇಕು, ಮುಂದಿನ ಸಲ ಊರಿಂದ ಒಂದು ಚೀಲ ತಗೊಂಡು ಬಾ ಅಂದರು.

ಸಂಜೆ ದಡದಲ್ಲಿ ನೆಟ್‌ವರ್ಕು ಸಿಕ್ಕಿದ್ದೇ ತಡ, ಬೆಳಕವಾಡಿಗೆ ಫೋನು. ಒಂದೇ ಉಸಿರಿಗೆ ಎಲ್ಲಾ ಒದರಿದಳು. ಚಿಕ್ಕಬೋರಮ್ಮ ಕಡಲು ಕಂಡವಳಲ್ಲ, ಹವಳ ಅಂದರೆ ಅವಳಿಗೆ ಕೊರಳಿನ ಸರ. ಆದರೂ ಗಡಿಯ ಕಥೆ ಅಂದ ಮೇಲೆ ಮೈಯೆಲ್ಲ ಕಿವಿಯಾಗಿ ಕೇಳಿದಳು. ಕೊನೆಗೆ ತಕರಾರು ತೆಗೆದಳು.

"ಬಾಂದು ಸಿಕ್ತು ಸರಿ. ಜಮೀನು ಯಾರ್ದವ್ವ ಅದು?"

"ಮೀನುಗಳದ್ದು ಕಣಜ್ಜಿ. ಬಿಸಿಲು ಓಡ್ಸಿತ್ತು."

"ಮತ್ತೆ ಬಂದ್ವಾ?"

ಬಾಯಿಬಡುಕಿ ಪ್ರಿಯಾಂಕ ಟೇಪು ದಾಟಿದ ಚಿಟ್ಟೆಮೀನುಗಳನ್ನ ನೆನೆದಳು.

"ಜೋಡಿ ಒಂದು ಬಂದು ನೋಡ್ಕಂಡು ಓಯ್ತು ಕಣಜ್ಜಿ," ಅಂದಳು.