ಆಟದೊಳಗೆ ಉಳಿದಿದ್ದ ಅಮ್ಮ

ಸಾರಕ್ಕಿಯ ಗೇಮ್ ಸೆಂಟರಿನ ಪರದೆಯ ಮೇಲೆ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ವರ್ಷಗಳ ಹಿಂದೆ ಒಂದು ಗೇಮ್ ಕಂಪನಿಯಲ್ಲಿ ಈ ಫೈಟಿಂಗ್ ಆಟಕ್ಕೆ ಚಿತ್ರ ಬರೆಯುತ್ತಿದ್ದಾಗ ಅಮ್ಮನನ್ನೇ ನೋಡಿ ನಾನು ಮಾಡಿದ್ದ ಪಾತ್ರ ಅದು. ಸೀರೆ ಉಟ್ಟವಳು ಫೈಟ್ ಮಾಡಿದರೆ ಯಾರು ಆಡುತ್ತಾರೆ ಎಂದು ಕಂಪನಿಯವರು ಆ ಪಾತ್ರವನ್ನು ಅರ್ಧಕ್ಕೇ ಕೈಬಿಟ್ಟಿದ್ದರು. ಆದರೆ ಅಳಿಸಿರಲಿಲ್ಲ. ಸೆಂಟರಿನ ಹುಡುಗಿ ಆಟದ ಫೈಲುಗಳನ್ನು ಕೆದಕಿ ಹೊರತೆಗೆದಿದ್ದಳು.

ಎದುರಾಳಿ ಗುದ್ದಿದ. ಗುದ್ದು ಅಮ್ಮನ ಮೈಯೊಳಗಿಂದ ತೂರಿ ಆಚೆ ಹೋಯಿತು.

“ಇವ್ರಿಗೆ ಏಟು ತಾಗೋ ಕೋಡೇ ಬರ್ದಿಲ್ಲ ಮೇಡಂ. ಹೊಡೆಯೋಕೂ ಬರಲ್ಲ, ಸೋಲೋದೂ ಇಲ್ಲ,” ಎಂದಳು ಹುಡುಗಿ.

ನನ್ನ ಪಕ್ಕದಲ್ಲಿದ್ದ ನಿಜವಾದ ಅಮ್ಮ ಕನ್ನಡಕ ಸರಿಮಾಡಿಕೊಂಡಳು. “ಮತ್ಯಾಕೆ ಸುಮ್ನೆ ಹೊಡೀತಾನೇ ಇದಾನೆ? ಸುಸ್ತಾಗಲ್ವಾ ಅವ್ನಿಗೆ?”

ಆ ಕಂಪನಿಯ ಮೇಲೆ ವರ್ಷಗಟ್ಟಲೆ ನಾನು ಸಾಕಿಕೊಂಡಿದ್ದ ಸಿಟ್ಟಿಗೂ ಅವತ್ತೇ ಸುಸ್ತಾಯಿತು.