ಬೇರೆಯವರ ಹೊಲದಲ್ಲಿ ಚರಗ

ಕೊಡಿಗೇನಹಳ್ಳಿಯವರಿಗೆ ಅಮಾವಾಸ್ಯೆಯೆಂದರೆ ಅಂಜಿಕೆ, ನಮಗೆ ಎಳ್ಳಮಾವಾಸ್ಯೆಯೇ ದೊಡ್ಡ ಹಬ್ಬ. ಇಷ್ಟು ಸಣ್ಣ ಮಾತನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ, ಬಿಡಿ.

ನನ್ನ ಗಂಡ ಅಲ್ಲಿಯ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಇಂಜಿನ್ನು ನೋಡಿಕೊಳ್ಳುತ್ತಿದ್ದರು. ಧಾರವಾಡದ ಕಡೆಯ ಹಳ್ಳಿಯಿಂದ ಅವರ ಬೆನ್ನು ಹಿಡಿದು ಬಂದವಳು ನಾನು. ಮುಂಬೈ ಸರಕಾರದ ಸೀಮೆ ಬಿಟ್ಟು ಮಹಾರಾಜರ ಸೀಮೆಗೆ ಬಂದೆವು. ಮಾತೂ ಕನ್ನಡವೇ, ದೇವರೂ ಅವನೇ. ಆದರೂ ಬಾವಿಕಟ್ಟೆಯಲ್ಲಿ ನಾನು ಬಾಯಿ ತೆರೆದರೆ ಸಾಕು, ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. 'ಪರದೇಸದೋಳು' ಎಂದೇ ನನ್ನ ಹೆಸರಾಗಿತ್ತು. ಮೈಯೆಲ್ಲ ಉರಿಯುತ್ತಿತ್ತು ನನಗೆ.

ಆ ವರ್ಷ ಎಳ್ಳಮಾವಾಸ್ಯೆ ಶನಿವಾರ ಬಿತ್ತು. ಅಮಾವಾಸ್ಯೆಗೆ ಮಿಲ್ಲು ನಿಲ್ಲುತ್ತಿತ್ತು, ಮರುದಿನ ಭಾನುವಾರ. ಎರಡು ದಿನ ಒಟ್ಟಿಗೆ ರಜೆ. ನಮ್ಮ ಕಡೆ ಆ ದಿನ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸಿ, ಮಾಡಿದ ಅಡಿಗೆಯನ್ನೆಲ್ಲ ಕಲಸಿ ಬೆಳೆಯ ನಡುವೆ ಚೆಲ್ಲುತ್ತೇವೆ. ಭೂಮಿತಾಯಿಯ ಪಾಲು ಅದು. ಚರಗ ಎನ್ನುತ್ತೇವೆ. ಆಮೇಲೆ ಅಲ್ಲೇ ಕೂತು ಊಟ. ಈ ಊರಿಗೆ ಬಂದಾಗಿನಿಂದ ನಾನು ಚರಗ ಚೆಲ್ಲಿರಲಿಲ್ಲ.

ಹೊಲವಿಲ್ಲದವರು ಎಲ್ಲಿ ಚೆಲ್ಲಬೇಕು? ನಮಗೆ ಬಾಡಿಗೆಗೆ ಮನೆ ಕೊಟ್ಟಿದ್ದ ಗೌಡನನ್ನು ಕೇಳಿದೆ. ಊರಾಚೆ ಅವನ ಹೊಲದಲ್ಲಿ ತೊಗರಿ, ಅವರೆ ನಿಂತಿದ್ದವು. ಪಕ್ಕದಲ್ಲೇ ಅವನ ಕುರಿಹಟ್ಟಿ.

"ಗೌಡ್ರ, ನಿಮ್ಮ ಹೊಲದಾಗ ಊಟಾ ಮಾಡ್ಕೊಂಡ ಬರ್ತೇವ್ರಿ."

"ಉಣ್ಣಿ ಕಣಮ್ಮ, ಅದ್ಕೇನಂತೆ."

ಹೊಲದೂಟವೆಂದ ಮೇಲೆ ಚರಗವೂ ಸೇರಿತೆಂದೇ ನಾನು ತಿಳಿದೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಅನ್ನ, ಶೇಂಗಾ ಹೋಳಿಗೆ ಬುಟ್ಟಿ ತುಂಬ ಹೊತ್ತು ಹೋದೆವು. ಬೇವಿನ ಬುಡದಲ್ಲಿ ಕಲ್ಲಿಟ್ಟು ಪೂಜೆ ಮುಗಿಸಿ ನಾನು ಚೆಲ್ಲುತ್ತ ನಡೆದೆ. ಹಿಂದೆ ನನ್ನ ಗಂಡ ನೀರು ಚಿಮುಕಿಸುತ್ತ, ನಮ್ಮೂರಿನಂತೆಯೇ ಗಂಟಲು ಬಿಚ್ಚಿ "ಹುಲ್ಲುಲ್ಲಿಗೋ" ಎಂದು ಕೂಗುತ್ತ ಬಂದರು. ಆ ಕೂಗಿಗೆ ಗೌಡ, ಅವನ ಹೆಂಡತಿ ಇಬ್ಬರೂ ಓಡಿ ಬಂದರು.

ಗೌಡ ಸುಣ್ಣ ಕುಂಕುಮದ ಕಲ್ಲು ನೋಡಿದ, ಸಾಲಿನಲ್ಲಿ ಬಿದ್ದ ಅನ್ನ ನೋಡಿದ. ಅವನ ಮುಖ ಕಪ್ಪಿಟ್ಟಿತು.

"ಏನಮ್ಮ, ನನ್ ಹೊಲಕ್ಕೇ ಮಾಟ ಮಾಡ್ತಿದ್ದೀಯಾ?"

"ಮಾಟ ಅಲ್ರಿ. ಹಬ್ಬ."

"ಅಮಾಸೇಲಿ ಎಂಥ ಹಬ್ಬ? ಒಂದಗುಳೂ ಬುಡದಂಗೆ ಆಯ್ಕೊಂಡ್ ಹೋಗು. ಇಲ್ದಿದ್ರೆ ಮನೆ ಖಾಲಿ ಮಾಡಿ."

ಅವನು ಹೊರಹಾಕಿದವರಿಗೆ ಆ ಊರಲ್ಲಿ ಇನ್ನೊಬ್ಬರು ಮನೆ ಕೊಡುತ್ತಿರಲಿಲ್ಲ. ಮನೆಯಿಲ್ಲದೆ ಮಿಲ್ಲಿನ ಕೆಲಸವೂ ಇಲ್ಲ. ನನ್ನ ಗಂಡ ಬಗ್ಗಿ ಆಯಲು ಕೈ ಹಾಕಿದರು. ನಾನು ಅವರ ಮಣಿಕಟ್ಟು ಹಿಡಿದೆ.

"ಭೂಮಿತಾಯಿಗೆ ಕೊಟ್ಟದ್ದನ್ನ ಹೊಳ್ಳಿ ತಗೋಳಂಗಿಲ್ಲ."

"ಹಟಾ ಮಾಡಬ್ಯಾಡ," ಎಂದರು ಅವರು.

"ಮಾಡತೇನಿ."

ಅಷ್ಟರಲ್ಲಿ ಹಟ್ಟಿಯಿಂದ ಒಂದು ಕುರಿ ಬೇಲಿ ನುಸುಳಿ ಬಂದು ಗಬಗಬ ಚರಗ ತಿನ್ನತೊಡಗಿತು. ಗೌಡನ ಹೆಂಡತಿ ಹಣೆ ಚಚ್ಚಿಕೊಂಡಳು. "ಅಯ್ಯೋ, ಗಬ್ಬದ ಕುರಿ ತಿಂದ್ಬುಡ್ತಲ್ಲಪ್ಪ."

ನಾನು ಗೌಡನಿಗೆ ಹೇಳಿದೆ: "ನಾಳೆ ಸಂಜೀತನಾ ಇಲ್ಲೇ ಕೂಡತೇವಿ. ಕುರಿಗೆ ಏನರ ಆದ್ರ ನಾವ ಊರು ಬಿಡತೇವಿ. ಆಗಲಿಲ್ಲಂದ್ರ ನೀವು ನಮ್ಮ ಜೋಡಿ ಕೂತು ಉಣಬೇಕು."

"ಹಂಗೇ ಆಗ್ಲಿ," ಎಂದು ಅವನು ಕೋಲು ಕುಟ್ಟಿದ.

ಬೇವಿನ ನೆರಳಲ್ಲಿ ಕೂತೆವು. ಕರಡಿ ಕುಣಿತ ನೋಡುವವರ ಹಾಗೆ ಊರವರು ಬದುವಿನ ಮೇಲೆ ಬಂದು ನಿಂತು ಹೋಗುತ್ತಿದ್ದರು. ನಾನು ತಲೆ ತಗ್ಗಿಸಲಿಲ್ಲ. ಆದರೆ ಒಳಗೆ ಹೆದರಿಕೆಯಿತ್ತು, ಸುಳ್ಳೇಕೆ ಹೇಳಲಿ. ಅನ್ನ ಹೆಚ್ಚು ತಿಂದ ಕುರಿಗೆ ಹೊಟ್ಟೆಯುಬ್ಬರ ಬರುತ್ತದೆ, ಅದಕ್ಕೆ ಮಾಟ ಬೇಕಿಲ್ಲ. ಸಂಜೆಗೆ ಆ ಕುರಿ ಮಲಗಿಬಿಟ್ಟಿತು, ಮೆಲುಕು ಹಾಕಲಿಲ್ಲ. ನನ್ನ ಗಂಡ ಆಗಲೇ ಯಾವ ಪಾತ್ರೆ ಯಾವ ಚೀಲಕ್ಕೆ ಎಂದು ಲೆಕ್ಕ ಹಾಕುತ್ತಿದ್ದರೆಂದು ಕಾಣುತ್ತದೆ. ಹಟ್ಟಿಯ ಪಕ್ಕ ಬೆಂಕಿ ಹಾಕಿಕೊಂಡು ರಾತ್ರಿ ಕಳೆದೆವು.

ಬೆಳಿಗ್ಗೆ ನೋಡಿದರೆ ಕುರಿ ಎದ್ದು ನಮ್ಮ ಪಾಂಡವರ ಸುಣ್ಣ ನೆಕ್ಕುತ್ತಿತ್ತು. ಮಧ್ಯಾಹ್ನಕ್ಕೆ ಮೆಲುಕು ಹಾಕಿತು. ನನಗೆ ಅಳು ಬಂತು. ಯಾರಿಗೂ ಕಾಣದಂತೆ ಸೆರಗಲ್ಲಿ ಒರೆಸಿಕೊಂಡೆ.

ಸಂಜೆ ಗೌಡ ಬಂದ. ಕುರಿಯ ಹೊಟ್ಟೆ ತಟ್ಟಿ ನೋಡಿ, "ಏನೂ ಆಗ್ಲಿಲ್ಲ ಬುಡಮ್ಮ. ಮನೇಗ್ ನಡೀರಿ," ಎಂದು ಹೊರಡಲು ತಿರುಗಿದ.

"ಮಾತು ಆಗೇದ್ರಿ. ಕೂಡ್ರಿ," ಎಂದೆ.

ಬದುವಿನ ಮೇಲೆ ಊರವರಿದ್ದರು. ಅವನು ಕೂತ. ಒಣಗಿ ಕಡಕ್ಕಾಗಿದ್ದ ಸಜ್ಜೆ ರೊಟ್ಟಿಯ ಮೇಲೆ ಎಣ್ಣೆಗಾಯಿ ಹಾಕಿ ಕೊಟ್ಟೆ. ಮುರಿದು ಬಾಯಿಗಿಟ್ಟ, ಅಗಿದ, ಇನ್ನೊಂದು ಚೂರು ಮುರಿದ. ಅದನ್ನು ತಿನ್ನದೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದು ತೊಗರಿ ಸಾಲಿಗೆ ಎಸೆದ.

"ಹೊಲ ನಂದಲ್ವಾ? ನನ್ ಕೈಯಿಂದ್ಲೂ ಒಂದ್ ತುತ್ತು ಬೀಳ್ಲಿ," ಎಂದ.

"ಬೀಳ್ಲಿ ಗೌಡ್ರ. ಆದ್ರ ಹೊಳ್ಳಿ ಆಯ್ಕೊಳ್ಳಂಗಿಲ್ಲ ಮತ್ತ," ಎಂದೆ ನಾನು.