ಪ್ರಶ್ನೆಪತ್ರಿಕೆಗಾಗಿ ಇಟ್ಟ ಆಣೆ

೧೯೭೪ರ ಜೂನ್‌ನಲ್ಲಿ ನಾನು ನವಲಗುಂದ ತಾಲೂಕಿನ ಒಂದು ಊರಿನ ಜೂನಿಯರ್ ಕಾಲೇಜಿಗೆ ತರ್ಕಶಾಸ್ತ್ರದ ಲೆಕ್ಚರರ್ ಆಗಿ ಸೇರಿದೆ. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿ ನನಗೆ ರೊಟ್ಟಿ ಬಡಿದು ಹಾಕಿದ ಒಳ್ಳೆಯ ಮಂದಿಯೂ ಇದ್ದಾರೆ. ಧಾರವಾಡದಲ್ಲಿ ಫಿಲಾಸಫಿ ಎಂ.ಎ. ಮುಗಿಸಿದವಳಿಗೆ ಅದು ಮೊದಲ ನೌಕರಿ. ಕಾಲೇಜು ಅಂದರೆ ಹೈಸ್ಕೂಲಿನ ಹಿಂದೆ ಕಟ್ಟಿದ ನಾಲ್ಕು ಕೋಣೆ, ಮೇಲೆ ತಗಡು. ಮಳೆಗಾಲದಲ್ಲಿ ಚಪ್ಪಲಿಗೆ ಮೆತ್ತಿದ ಎರೆಮಣ್ಣನ್ನು ಬಾಗಿಲ ಬಳಿ ಕಡ್ಡಿಯಿಂದ ಕೆರೆದುಕೊಂಡೇ ಒಳಗೆ ಹೋಗಬೇಕಿತ್ತು. ಪಿ.ಯು.ಸಿ. ಆರ್ಟ್ಸ್ ಹುಡುಗರಿಗೆ ಲಾಜಿಕ್ ಕಲಿಸುವುದು ನನ್ನ ಕೆಲಸ. ಸರಿಯಾಗಿ ವಿಚಾರ ಮಾಡಲು ಕಲಿತವನು ಸರಿಯಾಗಿ ನಡೆಯುತ್ತಾನೆ ಎಂದು ಆಗ ನಂಬಿದ್ದೆ.

ಕಾಲೇಜಿನ ಕಸ ಗುಡಿಸಿ, ನೀರು ತುಂಬಿ, ಗಂಟೆ ಹೊಡೆಯುತ್ತಿದ್ದವಳು ಫಕೀರವ್ವ. ಗಂಡ ಇರಲಿಲ್ಲ. ಹೆತ್ತ ಮೂರು ಮಕ್ಕಳಲ್ಲಿ ಎರಡು ಹೋಗಿ, ಉಳಿದದ್ದು ಆರು ವರ್ಷದ ಮಲ್ಲವ್ವ ಒಬ್ಬಳೇ. ಆ ಕೂಸಿನ ವಿಷಯದಲ್ಲಿ ಆಕೆಗೆ ಇಲ್ಲದ ಅಂಜಿಕೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಚೇಷ್ಟೆಗೆ, "ಫಕೀರವ್ವಾ, ಚಹಾಕ್ಕ ಹಾಲು ಕಡಿಮಿ ಹಾಕಿಲ್ಲಂತ ಮಲ್ಲಿ ಆಣಿ ಮಾಡಿ ಹೇಳು" ಎಂದರೆ ಆಕೆಯ ಮುಖ ಕೆಂಪಾಗುತ್ತಿತ್ತು. "ಬ್ಯಾರೆ ಏನರ ಅನ್ರಿ, ಬೈರಿ ಬೇಕಾದ್ರ. ನನ್ನ ಕೂಸಿನ ಹೆಸರು ಹಿಡೀಬ್ಯಾಡ್ರಿ" ಎನ್ನುತ್ತಿದ್ದಳು. ಮೇಷ್ಟರುಗಳು ನಗುತ್ತಿದ್ದರು. ಒಂದೆರಡು ಸಲ ನಾನೂ ನಕ್ಕಿದ್ದುಂಟು.

ಮರುವರ್ಷದ ಜನವರಿಯಲ್ಲಿ ಪ್ರಿಲಿಮಿನರಿ ಪರೀಕ್ಷೆ ಬಂತು. ಅದರಲ್ಲಿ ಪಾಸಾದವರನ್ನಷ್ಟೇ ವಾರ್ಷಿಕ ಪರೀಕ್ಷೆಗೆ ಕೂಡಿಸುವುದು ನಮ್ಮಲ್ಲಿ ಪದ್ಧತಿಯಾಗಿತ್ತು. ನಾನು ತೆಗೆದ ಲಾಜಿಕ್ ಪ್ರಶ್ನೆಪತ್ರಿಕೆಯನ್ನು ಆಫೀಸಿನಲ್ಲಿ ಸೈಕ್ಲೋಸ್ಟೈಲ್ ಮಾಡಿ, ಅಂದರೆ ಮೇಣದ ಹಾಳೆಯ ಮೇಲೆ ಟೈಪ್ ಮಾಡಿ ಮಸಿಯ ರೋಲರಿನಿಂದ ಪ್ರತಿ ತೆಗೆದು, ಕಪಾಟಿಗೆ ಕೀಲಿ ಹಾಕಿದ್ದರು. ಪರೀಕ್ಷೆಗೆ ಎರಡು ದಿನ ಇರುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಅಕ್ಕೋರ, ಇವಷ್ಟು ತಿಳಿಸಿ ಹೇಳ್ರಿ" ಎಂದು ಐದು ಪ್ರಶ್ನೆ ಓದಿದ. ನನ್ನವೇ ಐದು ಪ್ರಶ್ನೆ. ನಾನು ಬರೆದ ಅನುಕ್ರಮವೂ ತಪ್ಪಿರಲಿಲ್ಲ.

ಪರೀಕ್ಷೆ ಮುಂದಕ್ಕೆ ಹೋಯಿತು. ಊರಲ್ಲಿ ಗುಲ್ಲಾಯಿತು. ಆಡಳಿತ ಮಂಡಳಿಯ ಸಭೆ ಕೂಡಿತು. ಚೇರ್ಮನ್ನರು ಬಿ.ಎ., ಎಲ್‌ಎಲ್.ಬಿ. ಓದಿದವರು, ಇಸ್ತ್ರಿ ಮಾಡಿದ ಖಾದಿ ಹಾಕುವವರು, ಗಣರಾಜ್ಯೋತ್ಸವಕ್ಕೆ ನೀತಿಯ ಬಗ್ಗೆ ಮುಕ್ಕಾಲು ತಾಸು ಮಾತಾಡುವವರು. ಅವರೇ ಉಪಾಯ ಹೇಳಿದರು.

"ಪೊಲೀಸರನ್ನ ಕರಿಸಿದ್ರ ಸಂಸ್ಥಾದ ಮರ್ಯಾದಿ ಹೋಗತೈತಿ. ಆ ಕೀಲಿ ಮುಟ್ಟೋರು ಮೂರು ಮಂದಿ. ಮೂವರೂ ತಮ್ಮ ತಮ್ಮ ಮಕ್ಕಳನ್ನ ಕರಕೊಂಡ ಬರ್ಲಿ. ತೆಲಿ ಮ್ಯಾಲೆ ಕೈ ಇಟ್ಟು, ನಾ ಕೊಟ್ಟಿಲ್ಲ ಅನ್ಲಿ. ಯಾರು ಅನ್ನಂಗಿಲ್ಲೋ ಅವರ ಕಳ್ಳರು. ಸರಳ ಐತಿ."

ಮೂವರು ಅಂದರೆ ಹೆಡ್ ಕ್ಲಾರ್ಕ್ ವಿರೂಪಾಕ್ಷಪ್ಪ, ಸೈಕ್ಲೋಸ್ಟೈಲ್ ತಿರುಗಿಸುವ ಮಾಬೂಸಾಬ ಮತ್ತು ದಿನಾ ಆಫೀಸಿನ ಬಾಗಿಲು ತೆರೆದು ಕಸ ಹೊಡೆಯುವ ಫಕೀರವ್ವ.

ಇದೆಂಥ ಮೌಢ್ಯ ಎಂದು ನನಗೆ ಬೇಸರವಾಯಿತು. ಆದರೆ ಬೇಸರ ಅಷ್ಟಕ್ಕೇ ನಿಂತಿತು. ತಪ್ಪು ಮಾಡದವಳಿಗೆ ಇದರಿಂದ ಏನು ತೊಂದರೆ ಎಂದುಕೊಂಡು ಮರುದಿನ ಬೆಳಿಗ್ಗೆ ನೀರಿನ ಹರವಿಯ ಹತ್ತಿರ ಹೋದೆ. ಫಕೀರವ್ವ ಹರವಿಯ ಬಾಯಿಗೆ ಅರಿವೆ ಕಟ್ಟಿ ನೀರು ಸೋಸುತ್ತಿದ್ದಳು.

"ನೀ ಏನೂ ಮಾಡಿಲ್ಲಲ್ಲ, ಫಕೀರವ್ವ. ಹೇಳೂದು ಖರೇನ ಐತಿ. ಕೈ ಇಟ್ಟು ಅಂದ್ಬಿಡು, ಮುಗೀತು."

"ಖರೇ ಇದ್ರ ಏನು, ಸುಳ್ಳ ಇದ್ರ ಏನ್ರಿ ಅಕ್ಕೋರ? ಕೂಸಿನ್ನ ಒತ್ತಿ ಇಟ್ಟಂಗ ಆತಲ್ಲ. ನಿಮ್ಮ ಒಂದ ಕಾಗದದ ಸಲುವಾಗಿ ನಾ ಯಾಕ ನನ್ನ ಮಲ್ಲಿನ್ನ ಒತ್ತಿ ಇಡ್ಲಿ?"

"ನೌಕರಿ ಹೋಗತೈತಿ."

"ಹೋಗತೈತಿ ಅಂತ ಗೊತ್ತೈತ್ರಿ. ರಾತ್ರಿ ಎಲ್ಲಾ ಅದನ್ನ ವಿಚಾರ ಮಾಡೀನಿ. ಕೈ ಏಳವಲ್ದು."

ಒತ್ತಿ ಇಡುವುದೆಂದರೆ ಅಡವಿಡುವುದು. ಹೊಲ ಒತ್ತಿ ಇಡುತ್ತಾರೆ, ಬಂಗಾರ ಒತ್ತಿ ಇಡುತ್ತಾರೆ. ಒಬ್ಬ ಮನುಷ್ಯನನ್ನು ಇನ್ನೊಂದಕ್ಕೆ ಸಾಧನ ಮಾಡಿಕೊಳ್ಳಬಾರದು ಎಂಬ ತತ್ವವನ್ನು ನಾನು ಎಂ.ಎ.ಯಲ್ಲಿ ಒಂದು ಟರ್ಮ್ ಪೂರ್ತಿ ಓದಿ, ಅದರ ಮೇಲೆ ಪ್ರಬಂಧ ಬರೆದು ಬಂದಿದ್ದೆ. ಆದರೂ ಆಕೆಗೆ ಇನ್ನೊಂದು ಸಲ, "ಬರೇ ಒಂದು ಮಾತು, ಅಂದ್ಬಿಡು" ಎಂದೆ. ಆಕೆ ಅರಿವೆ ಹಿಂಡಿ ಒಣಹಾಕಿ ಗಂಟೆ ಹೊಡೆಯಲು ಹೋದಳು.

ಶನಿವಾರ, ದಿನಾ ಪ್ರಾರ್ಥನೆ ಮಾಡುವ ಹಾಲ್‌ನಲ್ಲಿ, ಸರಸ್ವತಿಯ ಫೋಟೋದ ಮುಂದೆ ಆಣೆ ನಡೆಯಿತು. ಮಂಡಳಿಯವರು ಕುರ್ಚಿ ಮೇಲೆ, ನಾವು ಗೋಡೆಗೆ ಹತ್ತಿ ನಿಂತಿದ್ದೆವು. ಮೊದಲು ಮಾಬೂಸಾಬ. ಮಗನ ತಲೆಯ ಮೇಲೆ ಕೈ ಇಟ್ಟ. ಮಾತು ಮುಗಿಸಿದವನೇ ಹುಡುಗನನ್ನು ಎತ್ತಿಕೊಂಡು, ಯಾರಿಗೂ ನಮಸ್ಕಾರ ಹೇಳದೆ ಹೊರಗೆ ನಡೆದ.

ಆಮೇಲೆ ವಿರೂಪಾಕ್ಷಪ್ಪ. ಆತನ ಮಗ ಎಂಟು ಒಂಬತ್ತು ವರ್ಷದವನು, ತಲೆತುಂಬ ಎಣ್ಣೆ ಹಚ್ಚಿ ಬೈತಲೆ ತೆಗೆದಿದ್ದರು. ವಿರೂಪಾಕ್ಷಪ್ಪ ಅಂಗೈ ಇಟ್ಟು, ಹಾಜರಿ ಕೂಗುವ ದನಿಯಲ್ಲಿ ಮಾತು ಮುಗಿಸಿದ. ಕೈಗೆ ಹತ್ತಿದ ಎಣ್ಣೆಯನ್ನು ಕಿಸೆಯ ವಸ್ತ್ರದಿಂದ ಒರೆಸಿಕೊಂಡು, ವಸ್ತ್ರ ಮಡಚಿ ಮತ್ತೆ ಕಿಸೆಯಲ್ಲಿ ಇಟ್ಟುಕೊಂಡ.

ಫಕೀರವ್ವ ಮಗಳನ್ನು ಕರೆತಂದಿರಲಿಲ್ಲ.

"ಎಲ್ಲೈತಿ ಬೇ ಕೂಸು?" ಚೇರ್ಮನ್ನರು ಕೇಳಿದರು.

"ಮನ್ಯಾಗ ಐತ್ರಿ. ನಾ ಆಣಿ ಮಾಡಂಗಿಲ್ರಿ. ಕಾಗದ ನಾ ಮುಟ್ಟಿಲ್ಲ. ನಂಬ್ರಿ, ಬಿಡ್ರಿ."

"ನಂಬಾಕ ಏನ ಬಿಟ್ಟಿ ನೀ?" ಎಂದು ಅವರು ನಕ್ಕರು. ಬಾಜೂಕಿನವರೂ ನಕ್ಕರು.

ಆಗ ನಾನು ಬಾಯಿ ಬಿಟ್ಟೆ. ಕ್ಲಾಸಿನಲ್ಲಿ ಮಾಡಿದ ಪಾಠವನ್ನೇ ಹೇಳಿದೆ. ಲಾಜಿಕ್‌ನಲ್ಲಿ ಇದಕ್ಕೆ 'ಅಫರ್ಮಿಂಗ್ ದ ಕಾನ್ಸಿಕ್ವೆಂಟ್' ಎನ್ನುತ್ತಾರೆ, ಹಿಂದಿನ ಮಾತಿಗೆ ಮುಂದಿನ ಮಾತನ್ನು ಸಾಕ್ಷಿ ಮಾಡುವ ದೋಷ ಇದು. ಬೆಕ್ಕು ಕುಡಿದರೆ ಹಾಲಿನ ಗಡಿಗೆ ಬರಿದಾಗುತ್ತದೆ. ಗಡಿಗೆ ಬರಿದಾಗಿದೆ ಅಂದಮಾತ್ರಕ್ಕೆ ಬೆಕ್ಕೇ ಕುಡಿದಿದೆ ಎನ್ನುವಂತಿಲ್ಲ, ಗಡಿಗೆ ಸೋರಿರಬಹುದು. ಕದ್ದವರು ಆಣೆಗೆ ಅಂಜುತ್ತಾರೆ ಎಂದೇ ಇಟ್ಟುಕೊಳ್ಳೋಣ. ಅಂಜಿದವರೆಲ್ಲ ಕದ್ದವರು ಎಂದಾಗುವುದಿಲ್ಲ. ಆಣೆಯನ್ನು ನಿಜವಾಗಿ ನಂಬಿದವರೂ ಅಂಜುತ್ತಾರೆ. ಅಂಜದವರು ಏನನ್ನೂ ನಂಬದವರೂ ಆಗಿರಬಹುದು.

ಇದನ್ನು ಹೇಳುವಾಗ ನಾನು ವಿರೂಪಾಕ್ಷಪ್ಪನನ್ನು ನೋಡಿದೆ. ಆತ ಕಿಟಕಿಯ ಕಡೆ ನೋಡುತ್ತಿದ್ದ.

"ಭಾಳ ಛಲೋ ಹೇಳಿದ್ರಿ ಅಕ್ಕೋರ" ಎಂದರು ಚೇರ್ಮನ್ನರು. "ಆದ್ರ ಇದು ಕ್ಲಾಸಲ್ಲ."

ಸಂಜೆಗೆ ಫಕೀರವ್ವನ ನೌಕರಿ ಹೋಯಿತು. ಕೀಲಿಗೊಂಚಲು, ಗಂಟೆಯ ಕೋಲು ಎರಡನ್ನೂ ಆಫೀಸಿನ ಕಟ್ಟೆಯ ಮೇಲಿಟ್ಟು ಹೋದಳು.

ನಾನು ಬಾಡಿಗೆಗೆ ಇದ್ದದ್ದು ಶಿವಲಿಂಗಪ್ಪ ಕಾಕಾನ ಮನೆಯ ಹಿಂದಿನ ಕೋಣೆಯಲ್ಲಿ. ಆತ ರೈತರ ಮಾಲನ್ನು ದಲಾಲಿಗೆ ಮಾರಿಕೊಡುವ ಅಡತಿ ವ್ಯಾಪಾರಿ, ಮಂಡಳಿಯ ಮೆಂಬರ್. ಮುಂದಿನ ವಾರ ಹೊಲದಿಂದ ಸೀತನಿ ತಂದಿದ್ದರು. ಎಳೆಜೋಳದ ತೆನೆ ಸುಟ್ಟು, ಕಾಳು ಉದುರಿಸಿ, ಶೇಂಗಾ ಚಟ್ನಿಪುಡಿ ಹಾಕಿ ಕೊಟ್ಟರು. ಬಿಸಿ ಇತ್ತು. ತಿನ್ನುತ್ತ ಕಾಕಾ ತಾನಾಗಿಯೇ ಮಾತು ತೆಗೆದ.

"ಅಕ್ಕೋರ, ನೀವು ಸುಮ್ನ ಅಷ್ಟು ಬಡಕೊಂಡ್ರಿ. ಕೊಟ್ಟಾಂವ ವಿರೂಪಾಕ್ಷಿ. ಕೊಡಿಸಿದವರು ಚೇರ್ಮನ್ರು, ತಂಗಿ ಮಗ ಅಶೋಕನ ಸಲುವಾಗಿ. ಆ ಮಬ್ಬ ಹುಡುಗ ಗೆಳ್ಯಾರಿಗೆಲ್ಲಾ ತೋರಿಸಿ ಕೆಡಿಸಿದ."

"ಮತ್ತ ಈ ಆಣಿ ಯಾಕ ಇಟ್ರಿ ಕಾಕಾ?"

"ಯಾರನರ ಒಬ್ಬರನ್ನ ತಗೀಬೇಕಲ್ರಿ, ಇಲ್ಲಂದ್ರ ಊರು ಸುಮ್ಮನಿರತೈತೇನು? ಫಕೀರಿ ಕೂಸಿನ ಆಣಿ ಮಾಡಂಗಿಲ್ಲ ಅನ್ನೂದು ಸಣ್ಣ ಹುಡುಗರಿಗೂ ಗೊತ್ತೈತಿ. ಅದಕ್ಕಂತನ ಆಣಿ ಇಟ್ಟಿದ್ದು. ಅಗದಿ ಶ್ಯಾಣ್ಯಾ ಅದಾರ ನಮ್ಮ ಚೇರ್ಮನ್ರು. ತಿನ್ರಿ, ಆರತಾವ."

ಬಾಯಲ್ಲಿದ್ದ ಕಾಳನ್ನು ಬಚ್ಚಲಿಗೆ ಹೋಗಿ ಉಗುಳಿ ಬಾಯಿ ತೊಳೆದೆ. ಸಿಟ್ಟಾದರೆ ಎದುರಿಗಿದ್ದವರ ಮೇಲೆ ಕೂಗಬಹುದು. ಇದು ಸಿಟ್ಟಲ್ಲ, ಹೊಲಸು ಮುಟ್ಟಿದಾಗ ಆಗುವಂಥ ಹೇಸಿಕೆ. ಎರಡು ಕೂಸು ಮಣ್ಣು ಮಾಡಿದ ಒಬ್ಬ ತಾಯಿಯ ಅಂಜಿಕೆಯನ್ನು ಇವರು ಲಕ್ಷ್ಯಗೊಟ್ಟು ನೋಡಿದ್ದರು, ಸರಿಯಾಗಿ ಅರ್ಥ ಮಾಡಿಕೊಂಡಿದ್ದರು, ಅದನ್ನೇ ಹಿಡಿಕೆ ಮಾಡಿಕೊಂಡು ಆಕೆಯನ್ನು ಹೊರಗೆ ದೂಡಿದ್ದರು. ಮನಸ್ಸನ್ನು ಅರಿಯುವುದೇ ಕರುಣೆಯ ಮೊದಲ ಮೆಟ್ಟಿಲು ಎಂದು ನಾನು ಹುಡುಗರಿಗೆ ಹೇಳುತ್ತಿದ್ದೆ. ಈ ಜನ ಅರಿತೇ ಮಾಡಿದ್ದರು.

ಇದನ್ನು ಸಭೆಯಲ್ಲಿ ಹೇಳು ಎಂದು ಕಾಕಾನಿಗೆ ಕೈ ಮುಗಿದೆ. "ನಾನಾ? ನಮ್ಮ ಅಡತಿಗೆ ಮಾಲು ಬರೂದ ಅವರ ಮಂದಿ ಕಡಿಂದ್ರಿ" ಎಂದು ಆತ ತಟ್ಟೆ ಬಳಿದ. ಮೇಲಿನ ಕಚೇರಿಗೆ ಅರ್ಜಿ ಬರೆದೆ, ಉತ್ತರ ಬರಲಿಲ್ಲ. ಪ್ರಿನ್ಸಿಪಾಲರು ನನ್ನನ್ನು ಕರೆದು, "ನಿಮ್ಮ ಪ್ರೊಬೇಶನ್ ಇನ್ನೂ ಮುಗಿದಿಲ್ಲ" ಎಂದಷ್ಟೇ ನೆನಪಿಸಿದರು.

ಫೆಬ್ರುವರಿಯಲ್ಲಿ ಹೊಸ ಪತ್ರಿಕೆ ತೆಗೆದು ಮರುಪರೀಕ್ಷೆ ಮಾಡಿದೆವು. ಈ ಸಲ ಮೇಣದ ಹಾಳೆಯನ್ನು ನಾನೇ ಬರೆದು, ಪ್ರತಿ ತೆಗೆಯುವ ತನಕ ಮಾಬೂಸಾಬನ ಬಾಜೂಕೇ ಕುಳಿತೆ. ಒಂದು ಪ್ರಶ್ನೆ ತರ್ಕದೋಷದ್ದು: ದೋಷದ ಹೆಸರು, ಲಕ್ಷಣ, ನಿಮ್ಮ ಸ್ವಂತದ ಒಂದು ಉದಾಹರಣೆ. ಉತ್ತರಪತ್ರಿಕೆ ತಿದ್ದುವಾಗ ಅಶೋಕನ ಹಾಳೆ ಬಂತು. ಆತ ಬರೆದಿದ್ದ: ಕದ್ದವರು ಆಣೆ ಮಾಡುವುದಿಲ್ಲ. ಫಕೀರವ್ವ ಆಣೆ ಮಾಡಲಿಲ್ಲ. ಆದ್ದರಿಂದ ಫಕೀರವ್ವ ಕದ್ದಳು. ಈ ತೀರ್ಮಾನ ದೋಷಯುಕ್ತ, ಏಕೆಂದರೆ ಆಣೆ ಮಾಡದಿರಲು ಬೇರೆ ಕಾರಣಗಳೂ ಇರಬಹುದು. ಅಕ್ಷರ ದುಂಡಗಿದ್ದವು. ಎಲ್ಲಿಯೂ ತಪ್ಪಿರಲಿಲ್ಲ.

ಮಾರ್ಕ್ಸ್ ಹಾಕಿ, ಆ ಹಾಳೆ ಹಿಡಿದುಕೊಂಡು ನೇರ ಚೇರ್ಮನ್ನರ ಮನೆಗೆ ಹೋದೆ. ನೋಡಿದರೆ ನಾಚಿಕೆಯಾದೀತು, ಫಕೀರವ್ವನನ್ನು ಮತ್ತೆ ಕರೆದಾರು ಎಂಬ ಆಸೆ ಇತ್ತು. ಅವರು ಚಾಳೀಸು ಹಾಕಿಕೊಂಡು ನಿಧಾನವಾಗಿ ಓದಿದರು. ಮುಖದಲ್ಲಿ ಸಂತೋಷ ಕಂಡಿತು.

"ಛಲೋ ಬರದಾನಲ್ರಿ ನಮ್ಮ ಅಶೋಕ! ಎಷ್ಟ ಕೊಟ್ರಿ?"

"ಐದಕ್ಕ ಐದು."

"ನಿಮ್ಮ ಪಾಠ ಹತ್ತೇತಿ ನೋಡ್ರಿ ಅವಗ." ಒಳಗೆ ತಿರುಗಿ, "ಅಕ್ಕೋರಿಗೆ ಚಹಾ ತರ್ರೆವಾ" ಎಂದು ಕೂಗಿದರು.

"ಮತ್ತ ಫಕೀರವ್ವ?"

"ಅದು ಬ್ಯಾರೆ ಮಾತ್ರಿ" ಎಂದು ಹಾಳೆಯನ್ನು ಮಡಿಕೆ ಬೀಳದ ಹಾಗೆ ಜೋಪಾನವಾಗಿ ನನ್ನ ಕೈಗೆ ಕೊಟ್ಟರು.

ಚಹಾ ಕುಡಿಯದೆ ಎದ್ದೆ. ಫಕೀರವ್ವ ಆ ಹೊತ್ತಿಗೆ ಮಗಳನ್ನು ಕರೆದುಕೊಂಡು ಅಣ್ಣಿಗೇರಿಗೆ ಹೋಗಿ, ಪೇಟೆಯ ಒಂದು ಅಂಗಡಿಯಲ್ಲಿ ಮೆಣಸಿನಕಾಯಿ ಆರಿಸುವ ಕೂಲಿಗೆ ಹತ್ತಿದ್ದಳು. ಒಂದು ಭಾನುವಾರ ಹೋಗಿ ಕಂಡೆ. ಘಾಟಿಗೆ ಇಬ್ಬರ ಕಣ್ಣಲ್ಲೂ ನೀರು. "ಕೈ ಉರಿತಾವ್ರಿ ಅಕ್ಕೋರ, ರಾತ್ರಿ ಮಲ್ಲಿನ್ನ ಮುಟ್ಟಾಕ ಬರಂಗಿಲ್ಲ. ಕೊಬ್ಬರಿ ಎಣ್ಣಿ ಹಚ್ಕೋತೀನಿ" ಎಂದಳು. ಆ ವರ್ಷ ಮುಗಿಸಿ ನಾನು ಆ ನೌಕರಿ ಬಿಟ್ಟೆ.

ಆಮೇಲೆ ಬೇರೆ ಕಾಲೇಜುಗಳಲ್ಲಿ ಬಹಳ ವರ್ಷ ಲಾಜಿಕ್ ಕಲಿಸಿದೆ. ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ತಪ್ಪು ವಾದ ಕೇಳಿದ ಕೂಡಲೇ ಅದನ್ನು ತಿದ್ದಲು ಹೋಗಬಾರದು. ಇವರು ತಿಳಿಯದೆ ತಪ್ಪಿದ್ದಾರೋ, ಇವರಿಗೆ ಈ ತೀರ್ಮಾನವೇ ಬೇಕಾಗಿದೆಯೋ ಎಂದು ಮೊದಲು ಕೇಳಿಕೊಳ್ಳಬೇಕು. ತಿಳಿಯದವರಿಗೆ ಕಲಿಸಬಹುದು. ಅಂದು ಆ ಹಾಲ್‌ನಲ್ಲಿ ಕುರ್ಚಿಯ ಮೇಲೆ ಕುಳಿತವರಲ್ಲಿ ನಾನು ಕಲಿಸಬೇಕಾದ ಒಬ್ಬನೂ ಇರಲಿಲ್ಲ.